"ನಾವು" ಎಂದ ಗುರು: ಮೊಲೊಕಾಯ್ ದ್ವೀಪದ ಫಾದರ್ ಡೇಮಿಯನ್

ಹಿರಿತನವನ್ನು ಅಳೆಯಲು ಲೋಕ ಬಳಸುವ ಅಳತೆಗೋಲು ಬಹುಮಟ್ಟಿಗೆ ಒಂದೇ. ಕೈಕೆಳಗೆ ಎಷ್ಟು ಜನರಿದ್ದಾರೆ, ಸಭೆಯಲ್ಲಿ ಆಸನ ಯಾವ ಸಾಲಿನಲ್ಲಿದೆ, ಹೆಸರಿನ ಹಿಂದೆ ಮುಂದೆ ಏನೇನು ಸೇರಿದೆ ಎಂಬುದರ ಮೇಲೆ ಮನುಷ್ಯನ ಎತ್ತರ ನಿರ್ಧಾರವಾಗುತ್ತದೆ. ಯೇಸುಕ್ರಿಸ್ತರ ಶಿಷ್ಯರೂ ಈ ಆಸೆಗೆ ಹೊರತಾಗಿರಲಿಲ್ಲ. ಅವರಲ್ಲಿ ಇಬ್ಬರು ಸಹೋದರರು ಗುರುವಿನ ರಾಜ್ಯದಲ್ಲಿ ಬಲಕ್ಕೊಬ್ಬರು, ಎಡಕ್ಕೊಬ್ಬರು ಕುಳಿತುಕೊಳ್ಳುವ ಭಾಗ್ಯವನ್ನು ಬೇಡಿದರೆಂದೂ, ಉಳಿದ ಹತ್ತು ಮಂದಿ ಅದನ್ನು ಕೇಳಿ ಕೋಪಗೊಂಡರೆಂದೂ ಶುಭಸಂದೇಶದಲ್ಲಿ ಬರುತ್ತದೆ. ಆಗ ಯೇಸು ನೀಡಿದ ಉತ್ತರದ ಸಾರ ಇಷ್ಟೇ: ದೊಡ್ಡವನಾಗಬೇಕೆನ್ನುವವನು ಮೊದಲು ಎಲ್ಲರ ಆಳಾಗಬೇಕು. ತಮ್ಮ ಮರಣದ ಹಿಂದಿನ ರಾತ್ರಿ ಅವರು ನಡುವಿಗೆ ವಸ್ತ್ರ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ, ಶಿಷ್ಯರ ಕಾಲುಗಳನ್ನು ತೊಳೆದು ಆ ಮಾತನ್ನು ಕೃತಿಯಲ್ಲಿಯೂ ತೋರಿಸಿದರು. ಪಾಸ್ಕ ಹಬ್ಬಕ್ಕೆ ಮುಂಚಿನ ಗುರುವಾರ ಇಂದಿಗೂ ಇಗರ್ಜಿಗಳಲ್ಲಿ ಗುರುಗಳು ಸಾಮಾನ್ಯರ ಕಾಲು ತೊಳೆಯುವ ವಿಧಿ ನಡೆಯುವುದು ಈ ನೆನಪಿಗಾಗಿಯೇ.

ವರ್ಷಕ್ಕೊಮ್ಮೆ ನಡೆಯುವ ಈ ವಿಧಿಯನ್ನು ಹದಿನಾರು ವರ್ಷಗಳ ಕಾಲ ದಿನನಿತ್ಯದ ಕೆಲಸವನ್ನಾಗಿ ಮಾಡಿಕೊಂಡವರು ಬೆಲ್ಜಿಯಂ ದೇಶದ ಫಾದರ್ ಡೇಮಿಯನ್. ಕುಷ್ಠರೋಗಿಗಳ ಸೇವೆಯೆಂದೊಡನೆ ಜಗತ್ತಿನಾದ್ಯಂತ ನೆನಪಾಗುವ ಹೆಸರುಗಳಲ್ಲಿ ಇದು ಮೊದಲನೆಯದು. ಆದರೆ ಅವರ ಚರಿತ್ರೆಯನ್ನು ಓದುತ್ತ ಹೋದಂತೆ ಒಂದು ಸಂಗತಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ನಮ್ರತೆಯೆಂದರೆ ಮೃದುವಾದ ಮಾತು, ಬಾಗಿದ ತಲೆ, ಯಾರಿಗೂ ಎದುರಾಡದ ಸ್ವಭಾವ ಎಂದು ನಾವು ತಿಳಿದಿರುತ್ತೇವೆ. ಡೇಮಿಯನ್ನರಲ್ಲಿ ಇವು ಯಾವುವೂ ಹೆಚ್ಚಾಗಿರಲಿಲ್ಲ. ಅವರು ಹಟಮಾರಿ, ಮುಂಗೋಪಿ, ಮೇಲಧಿಕಾರಿಗಳ ತಲೆನೋವು. ಹೀಗಿದ್ದೂ ನಮ್ರತೆಯ ಮಾತು ಬಂದಾಗ ಅವರನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಾಗುವುದಿಲ್ಲ. ಏಕೆಂಬುದನ್ನು ಅವರ ಬಾಳೇ ತಿಳಿಸುತ್ತದೆ.

ಅಣ್ಣನ ಬದಲಿಗೆ ಹೊರಟ ತಮ್ಮ

ಯೋಸೆಫ್ ಡಿ ವೂಸ್ಟರ್ ಎಂಬುದು ಅವರ ಹುಟ್ಟುಹೆಸರು. ಬೆಲ್ಜಿಯಂನ ಫ್ಲೆಮಿಷ್ ಭಾಷೆಯಾಡುವ ಸೀಮೆಯ ಟ್ರೆಮೆಲೊ ಎಂಬ ಹಳ್ಳಿಯಲ್ಲಿ 1840ರ ಜನವರಿ 3ರಂದು, ಧಾನ್ಯದ ವ್ಯಾಪಾರ ಮಾಡುತ್ತಿದ್ದ ರೈತ ಕುಟುಂಬವೊಂದರ ಏಳನೆಯ ಮಗುವಾಗಿ ಜನಿಸಿದರು. ಮಗ ತನ್ನ ವ್ಯಾಪಾರವನ್ನು ಮುಂದುವರಿಸಲಿ ಎಂಬುದು ತಂದೆಯ ಆಸೆ. ಅದಕ್ಕಾಗಿ ಫ್ರೆಂಚ್ ಕಲಿಯಲು ಅವರನ್ನು ಬೇರೆ ಊರಿಗೆ ಕಳುಹಿಸಿದ್ದೂ ಉಂಟು. ಆದರೆ ಮನೆಯಲ್ಲಿ ಇಬ್ಬರು ಅಕ್ಕಂದಿರು ಸನ್ಯಾಸಿನಿಯರಾಗಿದ್ದರು. ಅಣ್ಣ ಲೂವೆನ್ ನಗರದಲ್ಲಿ ಯೇಸು ಮತ್ತು ಮರಿಯಳ ಪವಿತ್ರ ಹೃದಯಗಳ ಸಭೆಯನ್ನು ಸೇರಿ ಪಾಂಫಿಲ್ ಎಂಬ ಹೆಸರು ಪಡೆದಿದ್ದರು. ತಮ್ಮನೂ 1859ರಲ್ಲಿ ಅದೇ ಸಭೆಯ ಬಾಗಿಲು ತಟ್ಟಿದರು. ಪ್ರಾಚೀನ ಕಾಲದ ವೈದ್ಯ ಸಂತರೊಬ್ಬರ ಹೆಸರಾದ ಡೇಮಿಯನ್ ಎಂಬುದು ಅವರ ಹೊಸ ಹೆಸರಾಯಿತು.

ಹೊಲದ ಕೆಲಸದಲ್ಲಿ ಗಟ್ಟಿಮುಟ್ಟಾಗಿ ಬೆಳೆದಿದ್ದ ಈ ಯುವಕನಿಗೆ ಗುರುಪಟ್ಟಕ್ಕೆ ಅಗತ್ಯವಾದ ವಿದ್ಯೆ ಇಲ್ಲವೆಂದು ಸಭೆಯ ಹಿರಿಯರು ಭಾವಿಸಿದರು. ಪೂಜೆ, ಉಪದೇಶಗಳ ಅಧಿಕಾರವಿಲ್ಲದೆ ಮಠದ ದುಡಿಮೆಗಳನ್ನು ನಿರ್ವಹಿಸುವ ಸಹೋದರರ ಸಾಲಿಗೆ ಅವರನ್ನು ಸೇರಿಸಲಾಯಿತು. ಡೇಮಿಯನ್ ಅದನ್ನು ಒಪ್ಪಿಕೊಂಡರು. ಬಿಡುವಿನ ವೇಳೆಯಲ್ಲಿ ಅಣ್ಣನಿಂದ ಲ್ಯಾಟಿನ್ ಭಾಷೆಯನ್ನು ಕಲಿಯುತ್ತ ಹೋದರು. ಅವರ ಪ್ರಗತಿಯನ್ನು ಕಂಡ ಹಿರಿಯರು ತಮ್ಮ ನಿರ್ಧಾರವನ್ನು ಬದಲಿಸಬೇಕಾಯಿತು. 1860ರ ಅಕ್ಟೋಬರ್ 7ರಂದು ಪ್ಯಾರಿಸ್ಸಿನಲ್ಲಿ ಅವರು ಶಾಶ್ವತ ವ್ರತಗಳನ್ನು ಸ್ವೀಕರಿಸಿದರು. ವ್ರತಧಾರಿಯನ್ನು ನೆಲದ ಮೇಲೆ ಮಲಗಿಸಿ, ಶವದ ಮೇಲೆ ಹೊದಿಸುವ ವಸ್ತ್ರವನ್ನು ಮೇಲೆ ಹಾಸುವುದು ಆ ಸಭೆಯ ಪದ್ಧತಿಯಾಗಿತ್ತು. ಹಳೆಯ ಬದುಕು ಸತ್ತಿತು ಎಂಬುದರ ಸಂಕೇತವಿದು. ಹದಿಮೂರು ವರ್ಷಗಳ ನಂತರ ಮೊಲೊಕಾಯ್‌ಗೆ ಹೋಗಲು ಮುಂದಾದಾಗ ಈ ವಸ್ತ್ರವೇ ತಮ್ಮ ನೆನಪಿಗೆ ಬಂದಿತೆಂದು ಅವರು ಮುಂದೆ ಬರೆದುಕೊಂಡಿದ್ದಾರೆ.

1863ರಲ್ಲಿ ಪಾಂಫಿಲ್ ಅವರು ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿತ್ತು. ಹೊರಡುವ ಹೊತ್ತಿಗೆ ಟೈಫಸ್ ಜ್ವರ ಅವರನ್ನು ಮಲಗಿಸಿತು. ಆ ಸ್ಥಳವನ್ನು ತಾನು ತುಂಬುವೆನೆಂದು ಡೇಮಿಯನ್, ತಮ್ಮ ಮಠದ ಮುಖ್ಯಸ್ಥರನ್ನು ದಾಟಿ, ನೇರವಾಗಿ ಪ್ಯಾರಿಸ್ಸಿಗೆ ಪತ್ರ ಬರೆದರು. ಆಗ ಅವರಿಗಿನ್ನೂ ಗುರುದೀಕ್ಷೆಯೂ ಆಗಿರಲಿಲ್ಲ. ಅನುಮತಿ ದೊರೆಯಿತು. ತಿಂಗಳುಗಟ್ಟಲೆ ಹಡಗಿನಲ್ಲಿ ಪ್ರಯಾಣ ಮಾಡಿ 1864ರ ಮಾರ್ಚ್ 19ರಂದು ಹೊನೊಲುಲು ತಲುಪಿದರು. ಅದೇ ವರ್ಷದ ಮೇ 21ರಂದು ಅಲ್ಲಿಯ ಪ್ರಧಾನ ದೇವಾಲಯದಲ್ಲಿ ಗುರುದೀಕ್ಷೆ ಪಡೆದರು. ಮುಂದಿನ ಒಂಬತ್ತು ವರ್ಷ ಹವಾಯಿಯ ದೊಡ್ಡ ದ್ವೀಪದ ಪುನ ಮತ್ತು ಕೊಹಾಲ ಸೀಮೆಗಳಲ್ಲಿ ಬೆಟ್ಟ ಹತ್ತಿಳಿದು, ಸ್ಥಳೀಯರ ಭಾಷೆ ಕಲಿತು, ಮರ ಕೊಯ್ದು ತಾವೇ ಪ್ರಾರ್ಥನಾಲಯಗಳನ್ನು ಕಟ್ಟಿದರು. ದ್ವೀಪದ ಜನರ ನಾಲಗೆಯಲ್ಲಿ ಅವರ ಹೆಸರು ಕಾಮಿಯಾನೊ ಎಂದಾಯಿತು.

ಕಡಲಿಗೂ ಬೆಟ್ಟಗೋಡೆಗೂ ನಡುವೆ

ಹವಾಯಿ ಆಗ ಸ್ವತಂತ್ರ ರಾಜ್ಯ. ಹೊರನಾಡಿನ ಹಡಗುಗಳ ಜೊತೆಯಲ್ಲಿ ಬಂದ ಸಿಡುಬು, ದಡಾರ ಮುಂತಾದ ಬೇನೆಗಳನ್ನು ತಡೆದುಕೊಳ್ಳುವ ಶಕ್ತಿ ಮೂಲನಿವಾಸಿಗಳ ದೇಹಕ್ಕೆ ಇಲ್ಲದುದರಿಂದ ಅವರ ಸಂಖ್ಯೆ ದಿನೇ ದಿನೇ ಕುಸಿಯುತ್ತಿತ್ತು. ಅವುಗಳ ಜೊತೆಗೆ ಕುಷ್ಠವೂ ಸೇರಿತು. ಭಯಗೊಂಡ ಸರಕಾರ 1865ರಲ್ಲಿ, ಐದನೆಯ ಕಮೆಹಮೆಹ ದೊರೆಯ ಆಳ್ವಿಕೆಯಲ್ಲಿ, ಕುಷ್ಠ ತಗುಲಿದವರನ್ನು ಪ್ರತ್ಯೇಕಿಸುವ ಕಾನೂನು ಮಾಡಿತು. ಅವರನ್ನು ಕಳುಹಿಸಲು ಆರಿಸಿದ ಸ್ಥಳ ಮೊಲೊಕಾಯ್ ದ್ವೀಪದ ಕಲೌಪಾಪ ಎಂಬ ನೆಲದ ತುಂಡು. ಮೂರು ಕಡೆ ಅಬ್ಬರಿಸುವ ಸಮುದ್ರ, ನಾಲ್ಕನೆಯ ಕಡೆ ಸುಮಾರು 2000 ಅಡಿ ಎತ್ತರದ ಕಡಿದಾದ ಬೆಟ್ಟ. ಗೋಡೆ ಕಟ್ಟುವ ಖರ್ಚೂ ಇಲ್ಲದ ಸೆರೆಮನೆ ಎನ್ನಬಹುದು.

1866ರ ಜನವರಿಯಲ್ಲಿ ಮೊದಲ ತಂಡ ಅಲ್ಲಿಯ ಕಲವಾವೊ ಎಂಬಲ್ಲಿಗೆ ಬಂದಿಳಿಯಿತು. ಬಂದವರು ತಾವೇ ಉತ್ತು ಬಿತ್ತು ಬೆಳೆದುಕೊಳ್ಳುವರೆಂದು ಸರಕಾರ ನಂಬಿತ್ತು. ಬೆರಳುಗಳು ಸವೆದು, ಕಣ್ಣು ಮಂಜಾದವರು ಬೇಸಾಯ ಮಾಡುವುದು ಹೇಗೆ? ಸಾಲದ ಆಹಾರ, ದೂರದಿಂದ ಹೊತ್ತು ತರಬೇಕಾದ ನೀರು, ಹುಲ್ಲಿನ ಗುಡಿಸಲು, ವೈದ್ಯರಿಲ್ಲದ ಆಸ್ಪತ್ರೆ ಅವರ ಪಾಲಿಗೆ ಬಂದವು. ಒಮ್ಮೆ ಅಲ್ಲಿಗೆ ಹೋದವರಿಗೆ ಮರಳುವ ದಾರಿಯಿರಲಿಲ್ಲ. ಹೆಂಡತಿಯಿಂದ ಗಂಡ, ತಾಯಿಯಿಂದ ಮಗು ಬೇರೆಯಾಗುವ ದೃಶ್ಯ ಹೊನೊಲುಲು ಬಂದರಿನಲ್ಲಿ ಸಾಮಾನ್ಯವಾಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಆರೋಗ್ಯವಾಗಿದ್ದೂ ಈ ನೆಲಕ್ಕೆ ಸ್ವಇಚ್ಛೆಯಿಂದ ಬಂದವರು ಡೇಮಿಯನ್ ಒಬ್ಬರೇ ಅಲ್ಲ. ರೋಗಿಯಾದ ಗಂಡ, ಹೆಂಡತಿ ಅಥವಾ ಮಗುವನ್ನು ಒಂಟಿಯಾಗಿ ಕಳುಹಿಸಲಾರದೆ ಜೊತೆಗೆ ಹೊರಟುಬಂದ ಹವಾಯಿಯ ಮೂಲನಿವಾಸಿಗಳು ಅನೇಕರಿದ್ದರು. ಅವರನ್ನು ಕೊಕುವಾ, ಅಂದರೆ ನೆರವಾಗುವವರು ಎಂದು ಕರೆಯುತ್ತಿದ್ದರು. ಮೊರ್ಮನ್ ಪಂಥದ ಹಿರಿಯರಾಗಿದ್ದ ಜೊನಾಥನ್ ನಪೇಲ ಅವರು ಪತ್ನಿಯ ಜೊತೆಯಲ್ಲಿ 1873ರಲ್ಲಿ ಇಲ್ಲಿಗೆ ಬಂದು, ತಾವೂ ರೋಗಕ್ಕೆ ತುತ್ತಾಗಿ 1879ರಲ್ಲಿ ತೀರಿಕೊಂಡರು. ಪಂಥ ಬೇರೆಯಾದರೂ ಅವರು ಡೇಮಿಯನ್ನರ ಆಪ್ತ ಗೆಳೆಯರಾಗಿದ್ದರು. ಕೊಕುವಾಗಳಲ್ಲಿ ಬಹುಮಂದಿಯ ಹೆಸರುಗಳು ಹೊರಲೋಕಕ್ಕೆ ತಿಳಿದಿಲ್ಲ. ಸೇವೆಯ ಈ ಪಾಠವನ್ನು ಡೇಮಿಯನ್ ತಮ್ಮ ಊರಿನಿಂದ ತಂದಷ್ಟೇ ಇವರಿಂದಲೂ ಕಲಿತಿರಬೇಕೆಂದು ನಮಗೆ ತೋರುತ್ತದೆ.

1873ರ ಮೇ ತಿಂಗಳಲ್ಲಿ ಮಾವಿ ದ್ವೀಪದಲ್ಲಿ ಹೊಸ ದೇವಾಲಯವೊಂದರ ಪ್ರತಿಷ್ಠೆ ನಡೆಯಿತು. ಅಲ್ಲಿ ಸೇರಿದ್ದ ಗುರುಗಳ ಮುಂದೆ ಧರ್ಮಾಧ್ಯಕ್ಷ ಮೇಗ್ರೆಯವರು ಕಲವಾವೊದ ವಿಷಯವನ್ನು ಇಟ್ಟರು. ಹೋಗಲೇಬೇಕೆಂದು ಯಾರಿಗೂ ಆಜ್ಞೆ ಮಾಡಲು ಅವರ ಮನಸ್ಸೊಪ್ಪಲಿಲ್ಲ. ನಾಲ್ವರು ಗುರುಗಳು ಮುಂದೆ ಬಂದರು. ಸರದಿಯಂತೆ ಕೆಲವು ವಾರಗಳ ಕಾಲ ಒಬ್ಬೊಬ್ಬರು ಇದ್ದು ಬರುವುದೆಂದು ತೀರ್ಮಾನವಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು, ದನಕರುಗಳನ್ನೂ ರೋಗಿಗಳನ್ನೂ ಸಾಗಿಸುತ್ತಿದ್ದ ಹಡಗಿನಲ್ಲಿ ಅವರು ಅಲ್ಲಿಗೆ ಬಂದಿಳಿದರು. ಉಳಿಯಲು ಮನೆಯಿಲ್ಲದೆ ಚಿಕ್ಕ ಇಗರ್ಜಿಯ ಪಕ್ಕದ ಕೇದಗೆ ಜಾತಿಯ ಮರವೊಂದರ ಕೆಳಗೆ ಮಲಗಿದರು. ಕೆಲವೇ ದಿನಗಳಲ್ಲಿ ತಾನು ಇಲ್ಲಿಯೇ ಉಳಿಯುವೆನೆಂದು ತಿಳಿಸಿಬಿಟ್ಟರು. ಎರಡನೆಯ ಸರದಿ ಬರಲೇ ಇಲ್ಲ. ಅವರಿಗೆ ಆಗ ಮೂವತ್ತಮೂರು ವರ್ಷ.

ಬಡಗಿಯೂ ಆದರು, ಗೋರಿ ತೋಡುವವರೂ ಆದರು

ಏಳೆಂಟು ನೂರು ಮಂದಿ ಇದ್ದ ಆ ನೆಲೆಯಲ್ಲಿ ಸಾವು ದಿನನಿತ್ಯದ ಮಾತು. ಸತ್ತವರನ್ನು ಆಳವಿಲ್ಲದ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚುವುದೂ, ರಾತ್ರಿ ಕಾಡುಹಂದಿಗಳು ಬಂದು ಕೆದಕುವುದೂ ನಡೆಯುತ್ತಿತ್ತು. ಡೇಮಿಯನ್ನರು ಮೊದಲು ಕೈಹಾಕಿದ ಕೆಲಸಗಳಲ್ಲೊಂದು ಸ್ಮಶಾನಕ್ಕೆ ಬೇಲಿ ಕಟ್ಟುವುದು. ಶವಪೆಟ್ಟಿಗೆಗಳನ್ನು ತಮ್ಮ ಕೈಯಾರೆ ಮಾಡಿದರು, ಗೋರಿಗಳನ್ನು ತೋಡಿದರು. ಸತ್ತವರಿಗೆ ಗೌರವ ಸಲ್ಲುವುದನ್ನು ಕಂಡಾಗಲೇ ಬದುಕಿರುವವರಿಗೆ ತಮ್ಮ ಬಾಳಿಗೂ ಬೆಲೆಯಿದೆ ಎಂಬ ನಂಬಿಕೆ ಬರುವುದೆಂದು ಅವರಿಗೆ ತಿಳಿದಿತ್ತು.

ಅನಂತರ ಬದುಕಿರುವವರ ಕೆಲಸ. ಕಣಿವೆಯ ನೀರನ್ನು ಕೊಳವೆಗಳಲ್ಲಿ ಹಾಯಿಸಿ ಮನೆಗಳ ಹತ್ತಿರಕ್ಕೆ ತರಲಾಯಿತು. ಬಿರುಗಾಳಿಗೆ ಗುಡಿಸಲುಗಳು ನೆಲಕಚ್ಚಿದಾಗ ಸರಕಾರದಿಂದ ಮರಮುಟ್ಟು ತರಿಸಿ, ಶಕ್ತಿಯಿದ್ದ ರೋಗಿಗಳನ್ನು ಜೊತೆಗೆ ಸೇರಿಸಿಕೊಂಡು ನೆಲದಿಂದ ಎತ್ತರಿಸಿದ ಹಲಗೆಯ ಮನೆಗಳನ್ನು ಕಟ್ಟಿದರು. ಅನಾಥರಾದ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಆಶ್ರಯಗಳಾದವು. ವಾದ್ಯವೃಂದವೊಂದು ಹುಟ್ಟಿತು. ಬೆರಳುಗಳು ಮೊಟಕಾದವರು ಕೊಳಲು ಹಿಡಿದರು, ಗಾಯನ ಬಲ್ಲವರು ಇಗರ್ಜಿಯಲ್ಲಿ ಹಾಡಿದರು. ಇವೆಲ್ಲದರ ನಡುವೆ ಪ್ರತಿದಿನ ಮನೆಯಿಂದ ಮನೆಗೆ ಹೋಗಿ ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟುವ ಕೆಲಸ ತಪ್ಪಲಿಲ್ಲ. ಕೊಳೆತ ಹುಣ್ಣುಗಳ ದುರ್ವಾಸನೆಯನ್ನು ತಡೆದುಕೊಳ್ಳಲಾರದೆ ಆರಂಭದ ದಿನಗಳಲ್ಲಿ ಇಗರ್ಜಿಯಿಂದ ಹೊರಗೆ ಓಡಿ ಬಂದದ್ದನ್ನೂ, ಆ ವಾಸನೆಯನ್ನು ಮರೆಸಲು ಹೊಗೆಸೊಪ್ಪಿನ ಕೊಳವೆ ಸೇದುವ ಅಭ್ಯಾಸ ಮಾಡಿಕೊಂಡದ್ದನ್ನೂ ಅವರು ಮುಚ್ಚಿಡಲಿಲ್ಲ. ಅಸಹ್ಯವೆನಿಸದೆ ಇರುವುದು ದೊಡ್ಡ ಗುಣವೇನಲ್ಲ. ಅಸಹ್ಯವೆನಿಸಿದರೂ ಮರುದಿನ ಮತ್ತೆ ಅದೇ ಬಾಗಿಲಿಗೆ ಹೋಗುವುದು ದೊಡ್ಡದು.

ಎರಡು ಬಗೆಯ "ನಾವು"

ರೋಗಿಗಳನ್ನು ಮುಟ್ಟಬಾರದು, ಅವರ ಜೊತೆ ಉಣ್ಣಬಾರದು ಎಂಬುದು ಹಿರಿಯರು ಕೊಟ್ಟ ಎಚ್ಚರಿಕೆಯಾಗಿತ್ತು. ಆದರೆ ಹವಾಯಿಯಲ್ಲಿ ಕೆಸುವಿನ ಗೆಡ್ಡೆಯನ್ನು ಬೇಯಿಸಿ ಅರೆದು ಮಾಡುವ ಪೊಯ್ ಎಂಬ ಅಂಬಲಿಯಂಥ ಆಹಾರವನ್ನು ಎಲ್ಲರೂ ಒಂದೇ ಪಾತ್ರೆಗೆ ಬೆರಳು ಅದ್ದಿ ಉಣ್ಣುವುದು ವಾಡಿಕೆ. ಅದನ್ನು ನಿರಾಕರಿಸಿದವನು ಆ ಮನೆಯವರನ್ನೇ ನಿರಾಕರಿಸಿದಂತೆ. ಡೇಮಿಯನ್ನರು ಉಂಡರು, ತಮ್ಮ ಕೊಳವೆಯನ್ನು ಅವರ ಕೈಗೂ ಕೊಟ್ಟರು. ಇದನ್ನು ಅಜಾಗರೂಕತೆ ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಆ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ದೂರದಿಂದ ಕೋಲಿನ ತುದಿಯಲ್ಲಿ ಔಷಧ ನೀಡುವವರನ್ನಷ್ಟೇ ಕಂಡಿದ್ದ ಜನರಿಗೆ ಆ ತುತ್ತಿನ ಅರ್ಥ ಬೇರೆಯೇ ಆಗಿತ್ತು.

ಅಲ್ಲಿಗೆ ಹೋದ ಮೊದಲ ವರ್ಷದಲ್ಲೇ ಅಣ್ಣನಿಗೆ ಬರೆದ ಪತ್ರದಲ್ಲಿ ಡೇಮಿಯನ್ ಒಂದು ವಿಷಯ ತಿಳಿಸಿದ್ದರು. ಉಪದೇಶ ಮಾಡುವಾಗ ತಾವು ಕೇಳುಗರನ್ನು ಬೇರೆಯವರೆಂಬಂತೆ ಕರೆಯುವುದಿಲ್ಲ, ತಮ್ಮನ್ನೂ ಸೇರಿಸಿಕೊಂಡು ಕುಷ್ಠರೋಗಿಗಳಾದ ನಾವು ಎಂದೇ ಹೇಳುತ್ತೇವೆ ಎಂಬುದೇ ಅದು. ಆಗ ಅವರ ದೇಹದಲ್ಲಿ ರೋಗದ ಒಂದು ಗುರುತೂ ಇರಲಿಲ್ಲ. ನಮ್ಮ ಓದುಗರಲ್ಲಿ ತುಳು ಬಲ್ಲವರು ಈ ಮಾತಿನ ಸೂಕ್ಷ್ಮವನ್ನು ಬೇಗ ಗ್ರಹಿಸಬಲ್ಲರು. ಕನ್ನಡದಲ್ಲಿ "ನಾವು" ಒಂದೇ. ತುಳುವಿನಲ್ಲಿ ಕೇಳುವವರನ್ನೂ ಒಳಗೊಂಡ "ನಮ" ಬೇರೆ, ಅವರನ್ನು ಬಿಟ್ಟು ಹೇಳುವ "ಎಂಕುಲು" ಬೇರೆ. ಡೇಮಿಯನ್ನರು ಉಪದೇಶ ಮಾಡುತ್ತಿದ್ದ ಹವಾಯಿ ಭಾಷೆಯಲ್ಲೂ ಹೀಗೆಯೇ ಎರಡು ರೂಪಗಳಿವೆ. ಎಲ್ಲರನ್ನೂ ಒಳಗೊಂಡು ಹೇಳುವ "ಕಾಕೌ" ಮೊದಲನೆಯದು, ಕೇಳುವವರನ್ನು ಹೊರಗಿಟ್ಟು ಹೇಳುವ "ಮಾಕೌ" ಎರಡನೆಯದು.

ಬ್ಯಾಂಕಿನ ಕಿಂಡಿಯ ಈಚೆ ಕುಳಿತು ದಶಕಗಳನ್ನು ಕಳೆದಿರುವ ನಮಗೆ ಈ ಎರಡನೆಯ "ನಾವು" ಚೆನ್ನಾಗಿ ಪರಿಚಿತ. ನಾವು ನಿಮ್ಮ ಸೇವೆಗೆ ಇದ್ದೇವೆ ಎಂದು ಫಲಕದಲ್ಲಿ ಬರೆಯುವಾಗಲೂ ಗಾಜಿನ ಈಚೆಗೊಬ್ಬರು, ಆಚೆಗೊಬ್ಬರು ಇದ್ದೇ ಇರುತ್ತಾರೆ. ದಾನ ಕೊಡುವಾಗಲೂ ಬಹುಪಾಲು ನಮ್ಮ ಕೈ ಮೇಲೆ, ಪಡೆಯುವವರ ಕೈ ಕೆಳಗೆ. ಯೇಸು ಶಿಷ್ಯರ ಕಾಲು ತೊಳೆಯಲು ಮೊದಲು ಆಸನವನ್ನು ಬಿಟ್ಟು ಏಳಬೇಕಾಯಿತು, ನೆಲಕ್ಕೆ ಬಾಗಬೇಕಾಯಿತು. ಡೇಮಿಯನ್ನರು ಬಿಟ್ಟೆದ್ದದ್ದು ತಾನು ಆರೋಗ್ಯವಂತ ಎಂಬ ಆಸನವನ್ನು. ಅವರ ನಮ್ರತೆ ಇದ್ದದ್ದು ಅಲ್ಲಿ. ಮಾತಿನ ನಯದಲ್ಲಿ ಅದನ್ನು ಹುಡುಕಿದರೆ ನಿರಾಶೆಯಾಗುತ್ತದೆ.

ಏಕೆಂದರೆ ಅವರ ಮಾತು ಒರಟಾಗಿತ್ತು. ಆರೋಗ್ಯ ಮಂಡಳಿಯ ಅಧಿಕಾರಿಗಳಿಗೆ ಮರಮುಟ್ಟು, ಬಟ್ಟೆ, ಔಷಧ, ಆಹಾರಕ್ಕಾಗಿ ಬಿಡದೆ ಪತ್ರ ಬರೆದು ಕಾಡಿದರು. ಗೆಡ್ಡೆಯಿಂದ ಸಾರಾಯಿ ಕಾಯಿಸಿ ಕುಡಿಯುತ್ತಿದ್ದ ಕೂಟಗಳನ್ನು ಕೋಲು ಹಿಡಿದು ಹೋಗಿ ಚದುರಿಸುತ್ತಿದ್ದರು. ಜೊತೆಗೆ ಕೆಲಸ ಮಾಡಲು ಬಂದ ಇತರ ಗುರುಗಳೊಡನೆ ಹೊಂದಿಕೊಳ್ಳಲು ಅವರಿಂದ ಆಗುತ್ತಿರಲಿಲ್ಲ. ಆದರೂ ತಮ್ಮ ದೋಷಗಳನ್ನು ನಿವೇದಿಸಿಕೊಳ್ಳಲು ಗುರುವೊಬ್ಬರು ಬೇಕೆಂದು ಸದಾ ಹಂಬಲಿಸುತ್ತಿದ್ದರು. ಅಲ್ಲಿಗೆ ಬಂದ ವರ್ಷವೇ ಅವರ ಸಭೆಯ ಪ್ರಾಂತೀಯ ಮುಖ್ಯಸ್ಥರು ಹಡಗಿನಲ್ಲಿ ಬಂದರೂ, ನಿರ್ಬಂಧದ ಕಾರಣ ಹಡಗಿನ ನಾಯಕ ಅವರನ್ನು ಇಳಿಯಗೊಡಲಿಲ್ಲ. ಡೇಮಿಯನ್ನರು ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಹೋಗಿ, ಮೇಲೆ ನಿಂತಿದ್ದ ಗುರುವಿಗೆ ಕೇಳಿಸುವಂತೆ, ಎಲ್ಲರೆದುರು ಫ್ರೆಂಚ್ ಭಾಷೆಯಲ್ಲಿ ತಮ್ಮ ಪಾಪಗಳನ್ನು ಕೂಗಿ ಹೇಳಿ ಕ್ಷಮೆ ಪಡೆದರು. ತಪ್ಪಿಲ್ಲದವನೆಂದು ತೋರಿಸಿಕೊಳ್ಳುವ ಆಸೆಯಿದ್ದವರು ಮಾಡುವ ಕೆಲಸ ಇದಲ್ಲ.

ಕೀರ್ತಿ ತಂದ ಸಂಕಟ

1881ರಲ್ಲಿ ರಾಜಪ್ರತಿನಿಧಿಯಾಗಿದ್ದ ರಾಜಕುಮಾರಿ ಲಿಲಿಯುಕಲಾನಿ ಕಲವಾವೊಗೆ ಭೇಟಿ ನೀಡಿದರು. ಅಲ್ಲಿಯ ಜನರನ್ನು ಕಂಡು ಕಣ್ಣೀರಿನಿಂದ ಅವರಿಗೆ ಮಾತೇ ಹೊರಡಲಿಲ್ಲ. ಮರಳಿದ ಮೇಲೆ ಡೇಮಿಯನ್ನರಿಗೆ ರಾಜ್ಯದ ಗೌರವ ಪದಕವನ್ನು ಕಳುಹಿಸಿದರು. ಆ ಪದಕ ಬಹುತೇಕ ಪೆಟ್ಟಿಗೆಯಲ್ಲೇ ಉಳಿಯಿತು. ಆದರೆ ಅವರ ಹೆಸರು ಉಳಿಯಲಿಲ್ಲ. ಯುರೋಪು, ಅಮೆರಿಕಗಳ ಪತ್ರಿಕೆಗಳಲ್ಲಿ ಹರಡಿತು. ಅಣ್ಣನಿಗೆ ಬರೆದ ಪತ್ರಗಳು ಅಚ್ಚಾದವು. ಲಂಡನ್ನಿನ ಆಂಗ್ಲಿಕನ್ ಪಾದ್ರಿ ಹ್ಯೂ ಚಾಪ್ಮನ್ ಅವರು ಪಂಥಭೇದವನ್ನು ಮರೆತು ಸುಮಾರು ಸಾವಿರ ಪೌಂಡು ಕೂಡಿಸಿ ಕಳುಹಿಸಿದರು.

ಇದರಿಂದ ಹೊನೊಲುಲುವಿನಲ್ಲಿದ್ದ ಸಭೆಯ ಮುಖ್ಯಸ್ಥರಿಗೆ ಅಸಮಾಧಾನವಾಯಿತು. ಡೇಮಿಯನ್ ಹೆಸರಿಗಾಗಿ ಆಸೆಪಡುತ್ತಿದ್ದಾರೆ, ಉಳಿದವರ ದುಡಿಮೆಯನ್ನು ಮರೆಮಾಡುತ್ತಿದ್ದಾರೆ ಎಂಬ ಆಕ್ಷೇಪ ಬಂತು. ಕೀರ್ತಿಯನ್ನು ಬಯಸದವನಿಗೆ ಕೀರ್ತಿಕಾಮುಕನೆಂಬ ಮಾತು ತನ್ನವರಿಂದಲೇ ಬರುವುದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ. ಡೇಮಿಯನ್ ನೊಂದುಕೊಂಡರು, ವಿಧೇಯತೆಯ ವ್ರತವನ್ನು ಮುರಿಯಲಿಲ್ಲ, ಹಣ ಬೇಡುವುದನ್ನೂ ಬಿಡಲಿಲ್ಲ. ತನ್ನ ಮಾನಕ್ಕಿಂತ ರೋಗಿಗಳ ಹೊದಿಕೆ ಮುಖ್ಯ ಎಂಬುದು ಅವರ ಲೆಕ್ಕಾಚಾರ.

1884ರ ಕೊನೆಯಲ್ಲಿ ಒಂದು ದಿನ ದಣಿದ ಕಾಲುಗಳನ್ನು ನೀರಿನಲ್ಲಿ ಇಳಿಬಿಟ್ಟರು. ನೀರು ಕುದಿಯುವಷ್ಟು ಬಿಸಿಯಾಗಿತ್ತು, ಚರ್ಮ ಬೊಬ್ಬೆಯೆದ್ದಿತ್ತು. ನೋವು ಮಾತ್ರ ತಿಳಿಯಲಿಲ್ಲ. ಸ್ಪರ್ಶಜ್ಞಾನ ಹೋಗುವುದು ಕುಷ್ಠದ ಗುರುತು. ವೈದ್ಯರ ಪರೀಕ್ಷೆ ಸಂದೇಹವನ್ನು ದೃಢಪಡಿಸಿತು. ಹನ್ನೊಂದು ವರ್ಷಗಳಿಂದ ಬಾಯಲ್ಲಿ ಹೇಳುತ್ತ ಬಂದ "ನಾವು" ಈಗ ದೇಹದಲ್ಲೂ ನಿಜವಾಗಿತ್ತು. ಮಗನ ರೋಗದ ಸುದ್ದಿ ಬೆಲ್ಜಿಯಂಗೂ ತಲುಪಿತು. 1886ರಲ್ಲಿ ಅವರ ತಾಯಿ ತೀರಿಕೊಂಡರು.

ಕೊನೆಯ ವರ್ಷಗಳಲ್ಲಿ ಬಹುಕಾಲ ಬೇಡಿದ ನೆರವು ಬಂದಿತು. ಅಮೆರಿಕದ ಅಂತರ್ಯುದ್ಧದಲ್ಲಿ ಭಾಗವಹಿಸಿದ್ದ ಜೋಸೆಫ್ ಡಟನ್ 1886ರಲ್ಲಿ ಬಂದರು. ಬೆಲ್ಜಿಯಂನ ಫಾದರ್ ಕೊನ್ರಾರ್ಡಿ 1888ರ ಮೇ ತಿಂಗಳಲ್ಲಿ ಬಂದರು. ಅದೇ ವರ್ಷದ ನವೆಂಬರ್‌ನಲ್ಲಿ ಮದರ್ ಮರಿಯಾನ್ ಕೋಪ್ ಅವರು ಸಂಗಡಿಗರಾದ ಸನ್ಯಾಸಿನಿಯರೊಂದಿಗೆ ಕಲೌಪಾಪಕ್ಕೆ ಬಂದರು. ತಾನು ಬೆಳೆಸಿದ್ದನ್ನು ಬೇರೆಯವರ ಕೈಗೆ ಒಪ್ಪಿಸುವುದು ಹಟಮಾರಿಗಳಿಗೆ ಸುಲಭವಲ್ಲ. ಡೇಮಿಯನ್ ಒಪ್ಪಿಸಿದರು. ಮುಖವೂ ಕೈಗಳೂ ವಿಕಾರಗೊಂಡಿದ್ದರೂ ಇಗರ್ಜಿಯನ್ನು ವಿಸ್ತರಿಸುವ ಕೆಲಸದಲ್ಲಿ ಕೊನೆಯವರೆಗೂ ತೊಡಗಿದ್ದರು. 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚಿದರು. ಕಾಲು ತೊಳೆಯುವ ಗುರುವಾರಕ್ಕೆ ಇನ್ನು ಮೂರು ದಿನಗಳಿದ್ದವು. ಮೊದಲ ರಾತ್ರಿ ಆಸರೆ ನೀಡಿದ್ದ ಮರದ ಕೆಳಗೇ ಅವರನ್ನು ಮಣ್ಣು ಮಾಡಿದರು.

ಸತ್ತ ಮೇಲಿನ ವಾದ

ಅವರ ಮರಣದ ಕೆಲವೇ ತಿಂಗಳಲ್ಲಿ ಹೊನೊಲುಲುವಿನ ಪ್ರಾಟೆಸ್ಟಂಟ್ ಪಾದ್ರಿ ಹೈಡ್ ಎಂಬವರು ಬರೆದ ಪತ್ರವೊಂದು ಪ್ರಕಟವಾಯಿತು. ಡೇಮಿಯನ್ ಒರಟ, ಕೊಳಕ, ಹಟಮಾರಿ, ನಡತೆ ಶುದ್ಧವಿಲ್ಲದವ ಎಂಬುದು ಅದರ ತಾತ್ಪರ್ಯ. ಕುಷ್ಠವೂ ಲೈಂಗಿಕ ರೋಗಗಳ ಒಂದು ರೂಪವೇ ಎಂಬ ತಪ್ಪು ತಿಳಿವಳಿಕೆ ಆ ಕಾಲದ ಕೆಲವು ವೈದ್ಯರಲ್ಲೂ ಇದ್ದುದರಿಂದ ಇಂಥ ಮಾತಿಗೆ ಕಿವಿಗಳೂ ಸಿಕ್ಕವು. ಇದಕ್ಕೆ ಉತ್ತರ ಕೊಟ್ಟವರು ಪ್ರಸಿದ್ಧ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. ಡೇಮಿಯನ್ ಸತ್ತ ಮರುತಿಂಗಳೇ ಅವರು ಕಲೌಪಾಪದಲ್ಲಿ ಒಂದು ವಾರ ಇದ್ದು, ಜನರನ್ನು ಮಾತನಾಡಿಸಿ ಬಂದಿದ್ದರು. 1890ರ ಫೆಬ್ರವರಿಯಲ್ಲಿ ಬರೆದ ಅವರ ಬಹಿರಂಗ ಪತ್ರ ಜಗತ್ತಿನಾದ್ಯಂತ ಓದಿಸಿಕೊಂಡಿತು. ಡೇಮಿಯನ್ನರಿಗೆ ದೋಷಗಳೇ ಇರಲಿಲ್ಲವೆಂದು ಅವರು ವಾದಿಸಲಿಲ್ಲ. ಒರಟುತನವನ್ನೂ ಹಟವನ್ನೂ ಒಪ್ಪಿಕೊಂಡು, ಬೇರೆಯವರು ನೆಮ್ಮದಿಯ ಮನೆಗಳಲ್ಲಿ ಕುಳಿತಿದ್ದಾಗ ಆ ಒರಟ ಮನುಷ್ಯ ಎಲ್ಲಿದ್ದ ಎಂಬ ಪ್ರಶ್ನೆಯನ್ನು ಮುಂದಿಟ್ಟರು. ನಡತೆಯ ಮೇಲಿನ ಆರೋಪಕ್ಕೆ ಮುಂದಿನ ವಿಚಾರಣೆಗಳಲ್ಲೂ ಆಧಾರ ಸಿಗಲಿಲ್ಲ.

ಕಾಲ ಕಳೆದಂತೆ ಗೌರವಗಳು ಬಂದವು. 1936ರಲ್ಲಿ ಅವರ ಅವಶೇಷಗಳನ್ನು ಬೆಲ್ಜಿಯಂಗೆ ಒಯ್ದಾಗ ಆ ದೇಶದ ದೊರೆಯೇ ಬಂದರಿನಲ್ಲಿ ನಿಂತು ಬರಮಾಡಿಕೊಂಡರು. 2005ರಲ್ಲಿ ಫ್ಲೆಮಿಷ್ ದೂರದರ್ಶನ ವಾಹಿನಿಯು ನಡೆಸಿದ ಮತದಾನದಲ್ಲಿ ಜನ ಅವರನ್ನು ಸರ್ವಶ್ರೇಷ್ಠ ಬೆಲ್ಜಿಯನ್ನರೆಂದು ಆರಿಸಿದರು. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರು ಸಂತ ಪದವಿ ಘೋಷಿಸಿದರು. ಮದರ್ ಮರಿಯಾನ್ ಅವರಿಗೆ 2012ರಲ್ಲಿ ಅದೇ ಗೌರವ ಸಂದಿತು. ಎಲ್ಲರ ಆಳಾಗಲು ಹೊರಟವನನ್ನು ಲೋಕವು ತನ್ನ ಅಳತೆಗೋಲಿನಿಂದಲೇ ಅಳೆದು ದೊಡ್ಡವನೆಂದು ಒಪ್ಪಿಕೊಂಡಿತು. ಆದರೆ ತಮ್ಮನಿಗೆ ಲ್ಯಾಟಿನ್ ಕಲಿಸಿದ್ದ ಅಣ್ಣ ಪಾಂಫಿಲ್ 1895ರಲ್ಲಿ ಮೊಲೊಕಾಯ್‌ಗೆ ಬಂದು ಎರಡು ವರ್ಷ ತುಂಬುವ ಮೊದಲೇ ಊರಿಗೆ ಮರಳಬೇಕಾಯಿತು ಎಂಬುದನ್ನು ಓದಿದಾಗ, ಹದಿನಾರು ವರ್ಷ ಎಂದರೆ ಏನೆಂಬುದು ನಮಗೆ ಅರಿವಾಗುತ್ತದೆ.

ನಮ್ಮ ನಾಡಿನ ನಂಟು

ಡೇಮಿಯನ್ನರ ಮರಣ ಭಾರತವನ್ನೂ ತಟ್ಟಿತು. ಅವರ ಸ್ಮರಣೆಗಾಗಿ 1889ರಲ್ಲಿ ಲಂಡನ್ನಿನಲ್ಲಿ ರಾಷ್ಟ್ರೀಯ ಕುಷ್ಠರೋಗ ನಿಧಿ ಸ್ಥಾಪನೆಯಾಯಿತು. ಆ ನಿಧಿಯ ವತಿಯಿಂದ ಬಂದ ವೈದ್ಯರ ಆಯೋಗವು 1890–91ರಲ್ಲಿ ಭಾರತವನ್ನು ಸುತ್ತಿ, ಈ ರೋಗ ಜನ ಹೆದರುವಷ್ಟು ಸುಲಭವಾಗಿ ಅಂಟುವುದಿಲ್ಲ, ಬಲವಂತದಿಂದ ಎಲ್ಲರನ್ನೂ ಬೇರ್ಪಡಿಸುವ ಅಗತ್ಯವಿಲ್ಲ ಎಂದು ವರದಿ ನೀಡಿತು. ಆದರೂ 1898ರಲ್ಲಿ ಸರಕಾರ ಕುಷ್ಠರೋಗಿಗಳ ಕಾಯಿದೆಯನ್ನು ಮಾಡಿತು. ಇದೇ ಕಾಲದಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಮೂಲದ ಫಾದರ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ್ದ ಔಷಧಾಲಯಕ್ಕೆ 1890ರಲ್ಲಿ ಕುಷ್ಠರೋಗಿಗಳ ಆಶ್ರಯವೂ ಸೇರಿತು. ಮುಂಬಯಿಯಲ್ಲಿ ನೆಲೆಸಿರುವ ಕರಾವಳಿಯ ಕುಟುಂಬಗಳಲ್ಲಿ ಆ ಆಸ್ಪತ್ರೆಯ ಹೆಸರನ್ನು ಕೇಳದವರು ವಿರಳ.

ವಿಧಿಯ ವಿಚಿತ್ರವೆಂದರೆ, ಡೇಮಿಯನ್ ಮೊಲೊಕಾಯ್‌ಗೆ ಕಾಲಿಟ್ಟ 1873ರಲ್ಲೇ ನಾರ್ವೆಯ ವೈದ್ಯ ಹ್ಯಾನ್ಸನ್ ಅವರು ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗುರುತಿಸಿದರು. ಫಲಕಾರಿ ಔಷಧಕ್ಕೆ 1940ರ ದಶಕದವರೆಗೂ ಕಾಯಬೇಕಾಯಿತು. 1980ರ ದಶಕದಿಂದ ಬಳಕೆಯಲ್ಲಿರುವ ಬಹುಔಷಧ ಚಿಕಿತ್ಸೆಯಿಂದ ಈ ರೋಗ ಪೂರ್ಣವಾಗಿ ಗುಣವಾಗುತ್ತದೆ. ಬಹುಪಾಲು ಮನುಷ್ಯರಿಗೆ ಹುಟ್ಟಿನಿಂದಲೇ ಇದನ್ನು ತಡೆಯುವ ಶಕ್ತಿಯಿದೆ. 1866ರಿಂದ 1969ರವರೆಗೆ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಮೊಲೊಕಾಯ್‌ಗೆ ಕಳುಹಿಸಿದ್ದ ಕಾನೂನು ಈಗಿಲ್ಲ. ಆದರೆ ನಮ್ಮ ದೇಶದಲ್ಲಿ ಸಂಗಾತಿಗೆ ಕುಷ್ಠವಿದೆ ಎಂಬುದನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುತ್ತಿದ್ದ ಅಂಶವು ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಲ್ಪಟ್ಟದ್ದು 2019ರಲ್ಲಿ. ಔಷಧ ಬಂದು ದಶಕಗಳಾದ ಮೇಲೆ! ಗುಣವಾದವರಿಗೆ ಬಾಡಿಗೆ ಮನೆ ಕೊಡಲು, ಅವರ ಮಕ್ಕಳಿಗೆ ಹೆಣ್ಣು ಗಂಡು ನೋಡಲು ಹಿಂಜರಿಯುವವರು ಸುಸಂಸ್ಕೃತ ಕುಟುಂಬಗಳಲ್ಲೂ ಇದ್ದಾರೆ. ಮಾತ್ರೆಯಿಂದ ರೋಗ ಹೋಗುತ್ತದೆ. ಅವರು ಬೇರೆ, ನಾವು ಬೇರೆ ಎಂಬ ಭಾವನೆಗೆ ಮಾತ್ರೆಯಿಲ್ಲ. ಅದಕ್ಕೆ ಬೇಕಾದದ್ದು ಡೇಮಿಯನ್ನರು ಕೆಸುವಿನ ಪಾತ್ರೆಯ ಮುಂದೆ ಮಾಡಿದ ಕೆಲಸವೇ.

1936ರಲ್ಲಿ ಅವಶೇಷಗಳನ್ನು ಒಯ್ದಾಗ ಕಲೌಪಾಪದ ಜನ ಬಹಳ ದುಃಖಪಟ್ಟಿದ್ದರು. 1995ರಲ್ಲಿ ಡೇಮಿಯನ್ನರನ್ನು ಪೋಪ್ ಎರಡನೆಯ ಜಾನ್ ಪಾಲ್ ಅವರು ಪೂಜ್ಯರೆಂದು ಘೋಷಿಸಿದ ಬಳಿಕ ಅವುಗಳಲ್ಲಿ ಒಂದು ಭಾಗ ಮರಳಿ ಬಂದಿತು. ಅದು ಅವರ ಬಲಗೈ. ಹುಣ್ಣು ತೊಳೆದ, ಉಳಿ ಹಿಡಿದ, ಒಂದೇ ಪಾತ್ರೆಯಲ್ಲಿ ಉಂಡ ಆ ಕೈ ಈಗ ಕಲವಾವೊದ ಹಳೆಯ ಗೋರಿಯಲ್ಲಿ, ಅವರು ತೋಡಿದ ನೂರಾರು ಗೋರಿಗಳ ನೆರೆಯಲ್ಲಿದೆ. ಆ ಗೋರಿಗಳಲ್ಲಿ ಬಹುಪಾಲಿಗೆ ಹೆಸರಿಲ್ಲ. ಅವರ ಜೊತೆಗೇ ಇರುವುದು ಡೇಮಿಯನ್ನರಿಗೂ ಒಪ್ಪಿಗೆಯಾಗುತ್ತಿತ್ತೆಂದು ನಾವು ನಂಬಿದ್ದೇವೆ.